ನೊರೆ ಬಂದ ನೀರು

ಸೋಪಿನ ನೊರೆ ಕೈ ಬಿಡುತ್ತಲೇ ಇರಲಿಲ್ಲ.

ಸೂಜಿ, ಅವಳನ್ನು ಎಲ್ಲರೂ ಕರೆಯುವುದೇ ಹಾಗೆ, ನಲ್ಲಿಯ ಕೆಳಗೆ ಕೈಯನ್ನು ಮಗುಚಿ ಮಗುಚಿ ಹಿಡಿದಳು, ಬೆರಳ ಸಂದಿಗೆ ಬೆರಳು ತೂರಿಸಿ ಉಜ್ಜಿದಳು. ಮೈಲುತುತ್ತದ ನೀಲಿ ಬಣ್ಣ ಯಾವಾಗಲೋ ಹೋಗಿತ್ತು. ಸೋಪು ಮಾತ್ರ ಎಣ್ಣೆ ಸವರಿದ ಹಾಗೆ ಅಂಗೈಗೆ ಅಂಟಿಕೊಂಡು ಜಾರುತ್ತಿತ್ತು.

ಪಕ್ಕದಲ್ಲಿ ಬಲೆ ತೊಳೆಯುತ್ತಿದ್ದ ಆಳು ತನ್ನ ಬಕೆಟ್ಟನ್ನು ಒಂದು ಮಾರು ಆಚೆ ಸರಿಸಿಕೊಂಡ. ಅವಳ ನೆರಳು ಬಿದ್ದರೂ ಬಲೆ ಹರಿಯುತ್ತದೇನೋ ಅನ್ನುವ ಹಾಗಿತ್ತು ಆ ಸರಿಸುವಿಕೆ.

"ಅದು ಅಷ್ಟು ಸುಲಭಕ್ಕೆ ಹೋಗಲ್ಲ ಮೇಡಂ," ಅಂದ.

ಸೋಪಿನ ಮಾತು ಆಡಿದನೋ ಇನ್ನೊಂದರ ಮಾತೋ, ಮುಖ ನೋಡಿ ತಿಳಿದುಕೊಳ್ಳುವ ಧೈರ್ಯ ಅವಳಿಗಾಗಲಿಲ್ಲ. ಕಳೆದ ವಾರ ಇದೇ ಅಂಗಳದಲ್ಲಿ, ಇದೇ ಜನರೆದುರು, ಮೀನುಮರಿ ಕೇಂದ್ರದ ತಾಯಿಮೀನುಗಳಿಗೆಲ್ಲ ವಿಷವಿಟ್ಟವರು ಭಾವನೇ ಎಂದು ಬೆರಳು ತೋರಿಸಿದವಳು ಅವಳು. ಭಾವ ಅಂದರೆ ಒಡಹುಟ್ಟಿದ ಅಕ್ಕನ ಗಂಡ. ಈ ಕೇಂದ್ರದ ಮದ್ದಿನವರು. ಮೀನಿಗೆ ಯಾವ ರೋಗ ಬಂದರೂ ನೀರಿಗೆ ಔಷಧಿ ಅಳೆದು ಹಾಕುವವರು ಅವರೊಬ್ಬರೇ.

ಈಗವರು ಪೊಲೀಸ್ ಠಾಣೆಯ ಹಿಂದಿನ ಕೋಣೆಯಲ್ಲಿ ಕೂತಿದ್ದರು. ಬೇಕೆಂದೇ ಹೆಚ್ಚು ಹಾಕಿದೆ ಎಂದು ಬರೆದಿಟ್ಟ ಹೇಳಿಕೆಗೆ ಸಹಿ ಹಾಕು ಅಂದರೆ, ದಿನವೂ ಅವರದ್ದು ಒಂದೇ ಉತ್ತರ: "ನನ್ನ ಅಳತೆ ತಪ್ಪಿಲ್ಲ. ಯಾವಾಗಿನಷ್ಟೇ ಹಾಕಿದ್ದು. ಅವು ಯಾಕೆ ಸತ್ತವು ಅಂತ ನಂಗೂ ಗೊತ್ತಾಗ್ತಿಲ್ಲ." ಇವತ್ತು ಮಧ್ಯಾಹ್ನ ಇನ್ಸ್‌ಪೆಕ್ಟರು ಕಾಗದಪತ್ರವನ್ನೆಲ್ಲ ಕೋರ್ಟಿಗೆ ಕಳಿಸುವವರಿದ್ದರು. ಸಹಿ ಬಿದ್ದಿದ್ದರೆ ಜೈಲು ಖಂಡಿತ. ಬೀಳದಿದ್ದರೆ ಭಾವನಿಗೆ ಇನ್ನೂ ಒಂದಿಷ್ಟು ಆಸೆ ಉಂಟು.

ಸೂಜಿ ಬಂದದ್ದು ಮದ್ದಿನ ಕೋಣೆಯ ಬೀಗದ ಕೈ ಹಿಂದಿರುಗಿಸಲು. ಕೊಟ್ಟು ಹೋಗಬೇಕಾದವಳು ಕೊನೆಯದಾಗಿ ಒಮ್ಮೆ ಒಳಗೆ ಹೋಗಿ, ಭಾವ ದಿನಾ ಮುಟ್ಟುತ್ತಿದ್ದ ಡಬ್ಬವನ್ನು ತೆರೆದಳು. ಯಾಕೆ ತೆರೆದಳೋ ಅವಳಿಗೇ ಗೊತ್ತಿಲ್ಲ. ತಪ್ಪು ಮಾಡಿದ ಜಾಗಕ್ಕೆ ಕಾಲು ತಾನೇ ಹೋಗುತ್ತದಂತೆ. ಮುಚ್ಚಳದ ಮೇಲಿನ ನೀಲಿ ಪುಡಿ ಕೈಗೆಲ್ಲ ಮೆತ್ತಿತು, ತೊಳೆಯಲು ನಲ್ಲಿಗೆ ಬಂದಳು, ಈ ನೊರೆಗೆ ಸಿಕ್ಕಿಬಿದ್ದಳು.

ಆಗ ಅವಳಿಗೆ ನೆನಪಾಯಿತು. ಈ ನೀರಿನಲ್ಲಿ ನೊರೆ ಬರಬಾರದು.

ಲಂಗ ಹಾಕುವ ವಯಸ್ಸಿನಿಂದ ಅವಳು ಈ ಅಂಗಳ ಬಲ್ಲಳು. ಭಾವನಿಗೆ ಊಟದ ಡಬ್ಬಿ ತಂದಾಗಲೆಲ್ಲ ಇದೇ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಕೊಳವೆ ಬಾವಿಯ ಗಡಸು ನೀರು. ಸೋಪು ಎಷ್ಟು ತಿಕ್ಕಿದರೂ ಒಡೆದ ಹಾಲಿನ ಹಾಗೆ ಗಷ್ಟು ಗಷ್ಟಾಗಿ ಅಂಟುವುದೇ ಹೊರತು ನೊರೆ ಅನ್ನುವುದು ಎದ್ದದ್ದೇ ಇಲ್ಲ. ಇಲ್ಲಿ ಒಂದು ಸೋಪು ತಂದರೆ ಮೊಮ್ಮಕ್ಕಳ ಕಾಲದವರೆಗೂ ಬರುತ್ತೆ ಎಂದು ಭಾವ ನಗುತ್ತಿದ್ದರು. ಈ ಸಲ ಕೇಂದ್ರದವರೇ ತನಿಖೆಗೆಂದು ಕರೆಸಿದ ಸೂಜಿ ದೊಡ್ಡ ಪತ್ತೇದಾರಿಣಿಯಲ್ಲವೇ, ಕೈಗವಸು ಬಿಚ್ಚದೆ ಓಡಾಡಿದ್ದಳು. ನೀರನ್ನು ಸೀಸೆಯಲ್ಲಿ ಹಿಡಿದಳೇ ಹೊರತು ಬರಿಗೈಯಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ.

"ಈ ನೊರೆ ಯಾವಾಗಿಂದ?" ಎಂದು ಕೇಳಿದಳು.

ಬಲೆಯ ಆಳು ಬಲೆ ಹಿಂಡುತ್ತಲೇ ಉತ್ತರಿಸಿದ. ಮೀನು ಸಾಯುವುದಕ್ಕೆ ಮುಂಚಿನಿಂದಲೇ ಹೀಗಿದೆ, ಬಟ್ಟೆ ಚೆನ್ನಾಗಿ ಒಗೆಯಲು ಬರುತ್ತಿದೆ, ಸೋಪಿನ ಕಂಪನಿಯವರಿಗೆ ಒಳ್ಳೆ ಬುದ್ಧಿ ಬಂತು ಅಂತ ತಾವೆಲ್ಲ ಖುಷಿಪಟ್ಟಿದ್ದೇ ಪಟ್ಟಿದ್ದು ಅಂದ. ಮದ್ದಿನವರು ಇದನ್ನು ಗಮನಿಸಲಿಲ್ಲವೇ ಎಂದರೆ, ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಮದ್ದಿನವರು ಕೆಲಸದ ಹೊತ್ತಲ್ಲಿ ಸೋಪು ಮುಟ್ಟಲ್ಲ ಮೇಡಂ. ಸೋಪಿನ ಕೈ ನೀರಿಗಿಟ್ರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತೆ ಅಂತ. ನೀವು ಅವರ ಮನೇಲೇ ಬೆಳೆದವರು. ಗೊತ್ತಿರಬೇಕಿತ್ತಲ್ಲ."

ಗೊತ್ತಿತ್ತು. ಮರೆತಿದ್ದಳು. ತಲೆ ತಗ್ಗಿಸಿಕೊಂಡು ಸೀಸೆ ಹುಡುಕಲು ಹೋದಳು.

ಜನರೇಟರಿನ ಪಕ್ಕ ಬೆಂಕಿ ಆರಿಸಲೆಂದು ತುಂಬಿಟ್ಟ ಒಂದು ಹಳೆಯ ಡ್ರಮ್ಮಿತ್ತು. ಅದರ ನೀರು ತಿಂಗಳುಗಟ್ಟಲೆ ಹಿಂದಿನದು. ಒಂದು ಸೀಸೆಗೆ ಆ ನೀರು, ಇನ್ನೊಂದಕ್ಕೆ ನಲ್ಲಿಯ ನೀರು, ಎರಡಕ್ಕೂ ಉಗುರಿನಷ್ಟು ಸೋಪು ಕೆತ್ತಿ ಹಾಕಿ ಕುಲುಕಿದಳು. ಡ್ರಮ್ಮಿನ ನೀರು ಕದಡಿ ಬೆಳ್ಳಗಾಗಿ, ಮೇಲೆ ಗಷ್ಟು ತೇಲಿತು. ನಲ್ಲಿಯ ನೀರು ಸೀಸೆಯ ಕೊರಳ ತನಕ ನೊರೆ ಉಕ್ಕಿಸಿತು.

ಎರಡೂ ಈ ಕೇಂದ್ರದ್ದೇ ನೀರು. ಎರಡರ ಜಾತಕವೇ ಬೇರೆ.

ಅವಳು ಮೀನಿನ ಡಾಕ್ಟರಿಗೆ ಫೋನು ಮಾಡಿದಳು. ಸತ್ತ ಮೀನು ಮತ್ತು ತೊಟ್ಟಿಯ ನೀರನ್ನು ಪರೀಕ್ಷಿಸಿ, ನೀರಿನಲ್ಲಿ ತಾಮ್ರ ಹೆಚ್ಚಿದೆ ಎಂದು ವರದಿ ಕೊಟ್ಟಿದ್ದ ಹೆಂಗಸು ಅವರು. ಮೈಲುತುತ್ತ ಅಂದರೆ ತಾಮ್ರವೇ. ಬಿಳಿ ಚುಕ್ಕೆ ರೋಗಕ್ಕೆ ಅದನ್ನು ಸ್ವಲ್ಪವೇ ಸ್ವಲ್ಪ ಹಾಕುವುದು ವಾಡಿಕೆ. ಹೆಚ್ಚಿದೆ ಅಂದ ಕೂಡಲೇ ಸೂಜಿ ಕೇಸು ಮುಗಿಯಿತು ಎಂದುಕೊಂಡಿದ್ದಳು.

ನೊರೆಯ ಸಂಗತಿ ಕೇಳಿ ಡಾಕ್ಟರು ಎರಡೂ ಸೀಸೆಯ ವಿವರವನ್ನು ಮತ್ತೊಮ್ಮೆ ಕೇಳಿಕೊಂಡರು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಗಡಸು ನೀರಿಗೆ ತಾಮ್ರ ಹಾಕಿದರೆ ಅದರಲ್ಲಿ ಬಹುಪಾಲು ಆ ನೀರಿನ ಸುಣ್ಣದ ಗುಣಕ್ಕೆ ಸಿಕ್ಕಿ ತಳಕ್ಕಿಳಿದು ಕೂರುತ್ತದೆ. ಉಳಿದದ್ದು ಮೀನಿನ ಕಿವಿರಿಗೆ ಬಂದರೂ ಅಲ್ಲಿ ಸುಣ್ಣದ ಅಂಶ ಮೊದಲೇ ಜಾಗ ಹಿಡಿದಿರುತ್ತದೆ. ಸೀಟೆಲ್ಲ ಭರ್ತಿಯಾದ ಬಸ್ಸಿನ ಹಾಗೆ, ತಾಮ್ರ ಹತ್ತುವುದಕ್ಕಾಗದು. ಮೆದು ನೀರಿನಲ್ಲಿ ಈ ಎರಡು ಕಾವಲೂ ಇಲ್ಲ. ಹಾಕಿದ್ದೆಲ್ಲ ನೀರಿನಲ್ಲೇ ಕರಗಿ ಉಳಿದು, ಸೀದಾ ಕಿವಿರಿಗೆ ಹೋಗಿ ಉಸಿರು ಕಟ್ಟಿಸುತ್ತದೆ.

"ಅಂದ್ರೆ ಅಳತೆ ಸರಿ ಇದ್ರೂ?"

"ಅಳತೆ ಸರಿ ಇದ್ರೂ ಸಾಯ್ತವೆ. ನೀರಲ್ಲಿ ತಾಮ್ರ ಹೆಚ್ಚು ಅಂತಲೇ ತೋರಿಸುತ್ತೆ, ತಳಕ್ಕೆ ಇಳಿದಿರಲ್ವಲ್ಲ." ಡಾಕ್ಟರು ತಮ್ಮ ವರದಿಯ ಹಾಳೆ ಮಗುಚಿದ ಸದ್ದಾಯಿತು. "ನೀವು ವಿಷ ಇದೆಯಾ ಅಂತ ಕೇಳಿದ್ರಿ. ನೀರು ಎಂಥದ್ದು ಅಂತ ಕೇಳ್ಲಿಲ್ಲ. ನಾನಾದ್ರೂ ನೋಡಬೇಕಿತ್ತು. ನಾಚಿಕೆ ಆಗ್ತಿದೆ."

ನಾಚಿಕೆಯೇ! ಸೂಜಿಯ ನಾಚಿಕೆಯ ಎದುರು ಅವರದ್ದು ಯಾವ ಲೆಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ ಅನ್ನುತ್ತಾರಲ್ಲ, ಆ ಬರೆ ಎಳೆದ ಕೈ ತನ್ನದೇ ಎಂದು ಅವಳಿಗೆ ಈಗ ಗೊತ್ತಾಗಿತ್ತು. ಎಳೆಯುವಾಗ ಒಳಗೊಳಗೇ ಹಿಗ್ಗಿದ್ದೂ ಗೊತ್ತಿತ್ತು. ಅದೇ ಹೆಚ್ಚು ಸುಡುತ್ತಿದ್ದದ್ದು.

ಮೊದಲ ದಿನವೇ ಕೇಂದ್ರದ ಒಡತಿ, ಎಲ್ಲರೂ ಅಮ್ಮಾವರು ಅನ್ನುವ ಆ ಹೆಂಗಸು, ಮದ್ದಿನವರು ನಿಮ್ಮ ಭಾವ, ನಿಮಗೆ ಮುಜುಗರವಾಗಲಿಕ್ಕಿಲ್ಲ ತಾನೆ ಎಂದು ಕೇಳಿದ್ದರು. ಆ ಮಾತು ಸೂಜಿಯ ತಲೆಯಲ್ಲಿ ಕೂತುಬಿಟ್ಟಿತು. ನೆಂಟರು ಅಂತ ನೋಡುವವಳಲ್ಲ ಈಕೆ, ಬಲು ನಿಷ್ಠುರದವಳು ಅನ್ನಿಸಿಕೊಳ್ಳುವ ಆಸೆ ಹುಟ್ಟಿತು. ಆಮೇಲೆ ಅವಳು ಹುಡುಕಿದ್ದು ಅಪರಾಧಿಯನ್ನಲ್ಲ, ಭಾವನ ತಪ್ಪನ್ನು.

ಸಿಕ್ಕಿತು ಕೂಡ. ಸಿಕ್ಕಿದ್ದು ಅಕ್ಕನ ಅಡುಗೆಮನೆಯಲ್ಲಿ! ಅಮ್ಮಾವರು ತಾಯಿಮೀನುಗಳನ್ನು ಇನ್ನೊಂದು ಕೇಂದ್ರದವನಿಗೆ ಮಾರುತ್ತಾರೆಂಬ ಸುದ್ದಿ ಬಂದ ದಿನ, ಅವನ ಕೈಗೆ ಹೋಗೋದಕ್ಕಿಂತ ಇವು ಇಲ್ಲೇ ಸತ್ತರೂ ಚಿಂತೆಯಿಲ್ಲ ಎಂದು ಭಾವ ಕೂಗಾಡಿದ್ದರು. ಅಕ್ಕ ಅದನ್ನು ತಂಗಿಯ ತಟ್ಟೆಗೆ ಸಾರು ಬಡಿಸುತ್ತಾ ನಗುನಗುತ್ತಾ ಹೇಳಿದ್ದಳು, ಗಂಡನ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅನ್ನುವ ತಮಾಷೆಗೆ. ಸೂಜಿ ಅದನ್ನೇ ಅಂಗಳದಲ್ಲಿ ಎಲ್ಲರೆದುರು ಸಾಕ್ಷಿಯಾಗಿ ಎತ್ತಿ ಹಿಡಿದಳು. ಉಂಡ ಮನೆಯ ಜಂತೆ ಎಣಿಸುವವರನ್ನು ಜನ ಬೈಯುತ್ತಾರೆ. ಎಣಿಸಿ ಬಂದು ಊರಿಗೆ ಡಂಗುರ ಹೊಡೆದವಳನ್ನು ಏನನ್ನಬೇಕೋ!

ಆ ಹೊತ್ತು ಅಕ್ಕ ಗೇಟಿನ ಹತ್ತಿರ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದು, ಕೈಯಿಂದ ಮುಚ್ಚಿಕೊಂಡಳು. ಅವತ್ತಿನಿಂದ ತಂಗಿಯ ಮುಖ ನೋಡಿಲ್ಲ. ಅಮ್ಮ ಹೋದ ಮೇಲೆ ಅಮ್ಮನಾಗಿ ಸಾಕಿದವಳು, ಹೊಲಿಗೆ ಮಿಷನ್ನಿನ ಪಕ್ಕ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಲು ಕೊಟ್ಟು, ಸೂಜಿ ಸೂಜಿ ಎಂದು ಕರೆದೂ ಕರೆದೂ ಆ ಹೆಸರನ್ನೇ ನಿಲ್ಲಿಸಿದವಳು.

ಅಳುತ್ತಾ ಕೂರುವುದಕ್ಕೆ ಈಗ ಹೊತ್ತಿರಲಿಲ್ಲ. ನೀರು ತಾನಾಗಿ ಜಾತಿ ಬದಲಿಸುವುದಿಲ್ಲ. ಯಾರೋ ಬದಲಿಸಿದ್ದರು.

ಸೂಜಿ ಪೈಪಿನ ಜಾಡು ಹಿಡಿದು ನಡೆದಳು. ಶೆಡ್ಡಿನ ತೊಟ್ಟಿಗಳಿಗೂ ಅಂಗಳದ ನಲ್ಲಿಗೂ ಅಮ್ಮಾವರ ಮನೆಗೂ ಮೇಲಿನ ಒಂದೇ ಟ್ಯಾಂಕಿನಿಂದ ನೀರು. ಆ ಟ್ಯಾಂಕಿಗೆ ಎರಡು ಪೈಪು ಸೇರುತ್ತಿದ್ದವು. ಒಂದು ಕೊಳವೆ ಬಾವಿಯದು. ಇನ್ನೊಂದು, ಮನೆಯ ಹಿಂದೆ ನೆಲದಡಿಯಲ್ಲಿ ಕಟ್ಟಿದ ಮಳೆನೀರಿನ ಸಂಪಿನದು. ಛಾವಣಿಯ ನೀರು ಅಲ್ಲಿ ತುಂಬಿ ಪಂಪಿನಿಂದ ಹೂಗಿಡಕ್ಕೆ ಹೋಗುತ್ತಿತ್ತು. ಎರಡಕ್ಕೂ ಒಂದೊಂದು ವಾಲ್ವ್. ತುಕ್ಕು ಹಿಡಿದು ಕಂದಾಗಿದ್ದ ಮಳೆನೀರಿನ ವಾಲ್ವಿನ ಹಿಡಿಯ ಬುಡದಲ್ಲಿ ಮಾತ್ರ ತುಕ್ಕು ಉದುರಿ, ಲೋಹ ಹೊಸದಾಗಿ ಹೊಳೆಯುತ್ತಿತ್ತು.

ಮಳೆನೀರು! ಆಕಾಶದಿಂದ ಬಿದ್ದದ್ದು, ಅದಕ್ಕಿಂತ ಮೆದು ನೀರು ಇನ್ನೊಂದಿಲ್ಲ. ದಿನವೂ ತೊಟ್ಟಿಯ ಒಂದಿಷ್ಟು ನೀರು ಬಿಟ್ಟು ಹೊಸದು ತುಂಬುವುದು ಇಲ್ಲಿನ ಪದ್ಧತಿ. ಹಾಗೆ ತುಂಬುತ್ತಾ ತುಂಬುತ್ತಾ ಗಡಸು ನೀರೆಲ್ಲ ಹೋಗಿ ಮಳೆನೀರೇ ಆಗಿರಬೇಕು. ಅದರೊಳಕ್ಕೆ ಭಾವ, ಪಾಪ, ಎಂದಿನ ಚಮಚದಲ್ಲಿ ಎಂದಿನ ಮದ್ದು ಹಾಕಿದ್ದರು.

ಅವಳು ಅಮ್ಮಾವರ ಮನೆಯ ಮೆಟ್ಟಿಲು ಹತ್ತಿದಳು.

ಅಮ್ಮಾವರು ಹಜಾರದಲ್ಲಿ ಕನ್ನಡಕ ಒರೆಸುತ್ತಾ ಕೂತಿದ್ದರು. ಬೀಗದ ಕೈ ಮೇಜಿನ ಮೇಲಿಡಿ ಅಂದರು. ಸೂಜಿ ಇಡಲಿಲ್ಲ. ಮಳೆನೀರಿನ ವಾಲ್ವ್ ತಿರುಗಿಸಿದ್ದು ಯಾರು ಎಂದು ಕೇಳಿದಳು.

ಕನ್ನಡಕ ಒರೆಸುವ ಕೈ ಒಂದು ಕ್ಷಣ ನಿಂತು ಮತ್ತೆ ಹೊರಟಿತು. ಆ ಸಂಪು ತೋಟಕ್ಕೆ ಮಾತ್ರ, ಟ್ಯಾಂಕಿಗೆ ಬಿಡುವ ಪ್ರಶ್ನೆಯೇ ಇಲ್ಲ ಎಂದರು. ಸೂಜಿ ಕೈತೊಳೆಯುವ ಬೇಸಿನ್ನಿನ ಹತ್ತಿರ ಹೋಗಿ ಅಲ್ಲಿದ್ದ ಸೋಪನ್ನು ಒಮ್ಮೆ ತಿಕ್ಕಿ, ನೊರೆ ತುಂಬಿದ ಕೈಯನ್ನು ಅವರ ಕಡೆ ಹಿಡಿದಳು.

ಹಿಡಿದವಳ ಕಣ್ಣಿಗೆ ಅಲ್ಲೇ ಇನ್ನೊಂದು ಬಿತ್ತು. ಬೇಸಿನ್ನಿನ ಅಂಚಿನಲ್ಲಿ ಒಂದು ಬಾಚಣಿಗೆ. ಅದರ ತುಂಬ ಉದ್ದನೆಯ ಕಪ್ಪು ಕೂದಲು, ಒಂದೆರಡಲ್ಲ, ಮುಷ್ಟಿ ತುಂಬುವಷ್ಟು. ಅಮ್ಮಾವರದ್ದು ಕಿವಿಯ ತನಕ ಕತ್ತರಿಸಿದ ಬಿಳಿ ತಲೆ. ಮನೆಯಲ್ಲಿ ತಾವೊಬ್ಬರೇ ಎಂದು ಅವರೇ ಹೇಳಿಕೆ ಕೊಟ್ಟಿದ್ದರು.

"ಈ ಕೂದಲು ಯಾರದ್ದು ಅಮ್ಮಾವ್ರೇ?"

"ಅದು ನಿಮಗೆ ಬೇಡದ ವಿಷಯ."

"ನಮ್ಮ ಭಾವ ಲಾಕಪ್ಪಲ್ಲಿದಾರೆ. ನನಗೆ ಬೇಡದ ವಿಷಯ ಈಗ ಯಾವುದೂ ಇಲ್ಲ."

ಒಳಕೋಣೆಯ ಬಾಗಿಲು ತೆರೆಯಿತು. ತಲೆಗೆ ಟವೆಲು ಸುತ್ತಿಕೊಂಡ ತೆಳ್ಳನೆಯ ಹೆಂಗಸೊಬ್ಬಳು ಹೊಸ್ತಿಲಲ್ಲಿ ನಿಂತಳು. ಅಮ್ಮಾವರ ಮಗಳು. ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ಎಲ್ಲರೂ ತಿಳಿದಿದ್ದ ಮಗಳು.

"ಹೇಳ್ಬಿಡಮ್ಮ," ಅಂದಳು ಅವಳು. "ನಾನು ಇಲ್ಲಿರೋದನ್ನ ಮುಚ್ಚಿಡೋಕೆ ಇನ್ನೂ ಎಷ್ಟು ಜನ ಜೈಲಿಗೆ ಹೋಗ್ಬೇಕು?"

ಅಮ್ಮಾವರ ಬಿಗುಮಾನ ಅಲ್ಲಿಗೆ ಕಳಚಿತು. ಕನ್ನಡಕ ಮಡಿಲಲ್ಲಿಟ್ಟುಕೊಂಡು, ನೆಲ ನೋಡುತ್ತಾ ಹೇಳಿದರು. ಮಗಳ ಮದುವೆ ಮುರಿದಿತ್ತು. ಅವಳು ಒಂದು ಚೀಲ ಹಿಡಿದು ತಾಯಿಯ ಮನೆಗೆ ಬಂದು ಒಳಕೋಣೆ ಸೇರಿದ್ದಳು. ಸೊರಗಿ ಕಡ್ಡಿಯಾಗಿದ್ದಳು, ತಲೆಗೆ ನೀರು ಹಾಕಿಕೊಂಡರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿತ್ತು. ಗಡಸು ನೀರಿನ ದೋಷ ಎಂದು ಯಾರೋ ಅಂದರು. ತಾಯಿ ಎದ್ದು ಹೋಗಿ ಬಾವಿಯ ನೀರು ಮುಚ್ಚಿ ಮಳೆನೀರಿನ ವಾಲ್ವ್ ತಿರುಗಿಸಿದರು.

"ಮಳೆನೀರಲ್ಲಿ ಏನು ಕೆಟ್ಟದ್ದಿರುತ್ತೆ ಹೇಳಿ? ಮಗಳಿಗೆ ಒಳ್ಳೇದಾದ ನೀರು ಮೀನಿಗೆ ಕೆಟ್ಟದ್ದಾಗುತ್ತೆ ಅಂತ ಯಾರಿಗೆ ಗೊತ್ತು?"

"ಮದ್ದಿನವರಿಗೆ ಗೊತ್ತಿರುತ್ತೆ. ಅವರಿಗೆ ಹೇಳದೆ ಯಾರೂ ನೀರು ಬದಲಿಸಬಾರ್ದು ಅಂತ ಗೋಡೆ ಮೇಲೆ ಬರೆಸಿರೋರು ನೀವೇ."

ಅಮ್ಮಾವರು ಆಗ ತಲೆಯೆತ್ತಿದರು. "ನಾನು ಹೇಳಿ ಕಳಿಸಿದ್ದೆ."

"ಯಾರ ಹತ್ರ?"

ಮಗಳು ಮುಖ ಆಚೆ ತಿರುಗಿಸಿದಳು. ಅಮ್ಮಾವರು ಸೂಜಿಯನ್ನೇ ನೋಡುತ್ತಾ, ಅಯ್ಯೋ ಅನ್ನುವ ಕರುಣೆಯಿಂದಲೇ ಹೇಳಿದರು.

"ನಿಮ್ಮಕ್ಕನ ಹತ್ರ."

ಸೂಜಿ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಅಕ್ಕ ಈ ಮನೆಗೆ ಬರುತ್ತಿದ್ದಳಂತೆ. ಸೊರಗಿದ ಹುಡುಗಿಯ ಬಟ್ಟೆಯೆಲ್ಲ ಮೈಮೇಲೆ ನಿಲ್ಲುತ್ತಿರಲಿಲ್ಲ, ಬಿಗಿ ಮಾಡಿ ಹೊಲಿಯಲು ನಂಬಿಕೆಯವರೇ ಬೇಕಿತ್ತು. ಮಗಳು ಇಲ್ಲಿರುವ ಸಂಗತಿ ಗಂಡನಿಗೂ ಹೇಳಕೂಡದು ಎಂದು ಅಮ್ಮಾವರು ಆಣೆ ಹಾಕಿಸಿಕೊಂಡಿದ್ದರು. ನೀರು ಬದಲಾಗಿದೆ ಅಂತ ಮಾತ್ರ ಹೇಳು, ಯಾಕೆ ಅಂತ ಹೇಳಬೇಡ ಎಂದಿದ್ದರು. ಅಕ್ಕ ಹೂಂ ಅಂದಿದ್ದಳು.

"ಹೇಳಿರ್ತಾಳೆ ಅಂತಲೇ ನಾನು ತಿಳಿದಿದ್ದು," ಅಂದರು ಅಮ್ಮಾವರು. "ಗೊತ್ತಿದ್ದೂ ಹಾಕಿದಾನೆ, ಮಾರೋ ಸಿಟ್ಟಿಗೆ. ಅದಕ್ಕೇ ನೀವು ಅವನ ಹೆಸರು ಹೇಳಿದಾಗ ನಾನು ಸುಮ್ನಿದ್ದೆ. ನೀರಿನ ಮಾತು ತೆಗೆದ್ರೆ ಮಗಳ ಮಾತೂ ಬರುತ್ತಲ್ಲ."

ಹಾಗೆ ನೋಡಿದರೆ ಅವರ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಅಕ್ಕ ಹೇಳಿದ್ದರೆ ಭಾವ ಅಪರಾಧಿ, ಬೇಕೆಂದೇ ಮಾಡಿದವರು. ಹೇಳದಿದ್ದರೆ ಭಾವ ನಿರಪರಾಧಿ. ಇಷ್ಟು ದಿನದ ತನಿಖೆಯೆಲ್ಲ ಗಂಡಹೆಂಡಿರ ನಡುವಿನ ಒಂದು ಮಾತಿಗೆ ಬಂದು ನಿಂತಿತ್ತು.

ಸೂಜಿಗೆ ಉತ್ತರ ಗೊತ್ತಿತ್ತು. ಅಕ್ಕನನ್ನು ಬಲ್ಲವರಿಗೆಲ್ಲ ಗೊತ್ತಾಗುವಂಥದ್ದು. ನೀರು ಬದಲಾಗಿದೆ ಅಂದರೆ ಭಾವ ಮೊದಲು ಕೇಳುವುದೇ ಯಾಕೆ ಎಂದು. ಹಾಗೆ ಕೇಳಿದರೆ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಸಕ್ಕರೆ ಡಬ್ಬಿ ಎಲ್ಲಿ ಬಚ್ಚಿಟ್ಟೆ ಅಂದರೂ ಕಿವಿ ಕೆಂಪಾಗುತ್ತದೆ. ಒಂದು ಹೇಳಿದರೆ ಇನ್ನೊಂದು ಬಾಯಿಂದ ಬೀಳುತ್ತದೆ, ಒಂದು ಹೆಣ್ಣಿನ ಮಾನ ಬೀದಿಗೆ ಬರುತ್ತದೆ. ಇವತ್ತು ಬೇಡ, ನಾಳೆ ಹೇಗಾದರೂ ಹೇಳೋಣ, ನಾಳೆ ಹೇಗಾದರೂ ಹೇಳೋಣ ಎಂದು ದಿನ ದೂಡಿರುತ್ತಾಳೆ. ಅಷ್ಟರಲ್ಲಿ ಮದ್ದು ಹಾಕುವ ದಿನ ಬಂದುಬಿಟ್ಟಿರುತ್ತದೆ.

ಹಾಗಾದರೆ ಗೇಟಿನ ಹತ್ತಿರ ಬಾಯಿ ಮುಚ್ಚಿಕೊಂಡದ್ದು ಕೋಪಕ್ಕಲ್ಲ. ಇಷ್ಟು ದಿನ ತಂಗಿಯ ಮುಖ ನೋಡದೆ ಇದ್ದದ್ದೂ ಕೋಪಕ್ಕಲ್ಲ. ಸೂಜಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದಳು.

ಮೊದಲು ಅಕ್ಕನ ಹತ್ತಿರ ಹೋಗಬೇಕಿತ್ತು. ಬೀದಿಯ ತಿರುವಿನಲ್ಲಿ ನಿಂತು ಆ ಕಡೆಯ ದಾರಿಯನ್ನು ನೋಡಿದಳು ಕೂಡ. ಆದರೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಹೋಗಿ, ಗಂಡನನ್ನು ಜೈಲಿಗೆ ಹಾಕಿಸಿದೆ, ಈಗ ನಿನ್ನ ಸರದಿ ಅನ್ನುವುದೇ? ಕಾಲು ಏಳಲಿಲ್ಲ. ಮಧ್ಯಾಹ್ನ ಆಗುತ್ತಾ ಬಂತಲ್ಲ, ಠಾಣೆಗೇ ಹೋಗೋಣ, ಭಾವನ ಅಳತೆ ಸರಿಯಿತ್ತು ಅಂತ ಹೇಳಿದರೆ ಸಾಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಆಟೋ ಹತ್ತಿದಳು. ನಾಚಿಕೆ ಮನುಷ್ಯರನ್ನು ಎಂಥೆಂಥ ಅಡ್ಡದಾರಿ ಹಿಡಿಸುತ್ತದೆ ನೋಡಿ.

ಇನ್ಸ್‌ಪೆಕ್ಟರು ಹಿಂದಿನ ಕೋಣೆಯಲ್ಲೇ ಮೇಜು ಹಾಕಿಸಿಕೊಂಡು ಟೀ ಕುಡಿಯುತ್ತಿದ್ದರು. ಎದುರು ಭಾವ. ಒಂದು ವಾರದ ಗಡ್ಡ, ಮಡಚಿದ ತೋಳು, ಮೇಜಿನ ಮೇಲೆ ಸಹಿಯಿಲ್ಲದ ಹೇಳಿಕೆ. ಸೂಜಿ ಭಾವನ ಹತ್ತಿರ ಒಬ್ಬಳೇ ಮಾತಾಡಬೇಕು ಅಂದಳು. ಅದಕ್ಕೆ ಅವಕಾಶವಿಲ್ಲ ಮೇಡಂ, ಏನಿದ್ದರೂ ನನ್ನೆದುರೇ ಆಗಲಿ ಅಂದರು ಇನ್ಸ್‌ಪೆಕ್ಟರು.

ಅಲ್ಲಿಗೇ ಅವಳು ಬಾಯಿ ಮುಚ್ಚಬೇಕಿತ್ತು. ಮುಚ್ಚಿದ್ದರೆ ಸೂಜಿ ಹೇಗಾದಾಳು!

"ಭಾವ, ನಿಮ್ಮ ಅಳತೆ ತಪ್ಪಿರಲಿಲ್ಲ," ಅಂದಳು. "ಮೇಲಿನ ಟ್ಯಾಂಕಿಗೆ ಮಳೆನೀರು ಬಿಟ್ಟಿದ್ರು."

ಭಾವ ನಿಧಾನವಾಗಿ ಅವಳತ್ತ ತಿರುಗಿದರು. ಇಷ್ಟು ದಿನಗಳಲ್ಲಿ ಮೊದಲ ಸಲ ಅವರ ಕಣ್ಣಿಗೆ ಜೀವ ಬಂತು.

"ಮಳೆನೀರಾ," ಅಂದರು. ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು: ಅದಕ್ಕೇ ಅವು ನೀರು ಬೀಳೋ ಕಡೆ ಗುಂಪು ಕಟ್ಟಿ ಬಾಯಿ ತೆರೀತಿದ್ದವು, ಅದಕ್ಕೇ ತೊಟ್ಟಿ ಅಂಚಿನ ಬಿಳಿ ಕರೆ ಸವೀತಿತ್ತು, ನಾನು ಬಿಸಿಲಿಗೆ ಅಂದ್ಕೊಂಡೆ. ಬಿಗಿದ ತೋಳು ಸಡಿಲವಾಯಿತು. ಕೈ ತಪ್ಪಿರಲಿಲ್ಲ ಎಂದು ಕೇಳಿ ಆ ಮನುಷ್ಯ ಅಳುವ ಹಾಗಾದರು. ಅದನ್ನು ನೋಡಿ ಸೂಜಿ ಹಿಗ್ಗಿದಳು. ಆ ಸಂತೋಷದಲ್ಲೇ, ಇನ್ನೊಂದು ಮಾತಿನಿಂದ ಕೇಸೇ ಬಿದ್ದುಹೋಗುತ್ತದೆ ಅನ್ನುವ ಆತುರದಲ್ಲೇ, ಕೇಳಬಾರದ್ದನ್ನು ಕೇಳಿದಳು.

"ಅಮ್ಮಾವ್ರು ಅಕ್ಕನ ಹತ್ರ ಹೇಳಿ ಕಳಿಸಿದ್ರಂತೆ. ಅಕ್ಕ ನಿಮಗೆ ಹೇಳಿರ್ಲಿಲ್ಲ, ಅಲ್ವಾ?"

ಇನ್ಸ್‌ಪೆಕ್ಟರು ಟೀ ಲೋಟ ಕೆಳಗಿಟ್ಟು ಪೆನ್ನು ತೆಗೆದುಕೊಂಡರು. "ಯಾವ ಅಕ್ಕ? ಇವರ ಹೆಂಡ್ತೀನಾ?"

ಮಾತು ಆಡಿದರೆ ಹೋಯಿತು. ಸೂಜಿ ನಾಲಿಗೆ ಕಚ್ಚಿಕೊಂಡಳು.

ಭಾವನ ಮುಖದಲ್ಲಿ ಹೊತ್ತಿದ್ದ ಬೆಳಕು ಹಾಗೇ ಆರಿಹೋದದ್ದನ್ನು ಅವಳು ಕಣ್ಣಾರೆ ಕಂಡಳು. ಅವರು ತಮ್ಮ ಎರಡೂ ಅಂಗೈಯನ್ನು ಮೇಜಿನ ಮೇಲೆ ಚಾಚಿ ನೋಡಿಕೊಂಡರು. ಹೆಂಡತಿ ರಾತ್ರಿ ಊಟಕ್ಕೆ ಕೂತಾಗ ಏನೋ ಹೇಳಹೊರಟು ಏನಿಲ್ಲ ಬಿಡಿ ಅಂದದ್ದೋ, ಯಾರ ಮನೆಗೆ ಹೊಲಿಯಲು ಹೋಗುತ್ತೀ ಅಂದರೆ ಕಿವಿ ಕೆಂಪಗೆ ಮಾಡಿಕೊಂಡದ್ದೋ, ಏನೇನು ನೆನಪಾಯಿತೋ ಅವರಿಗೆ.

"ಹೇಳಿದ್ಲು ಸಾರ್," ಅಂದರು ಇನ್ಸ್‌ಪೆಕ್ಟರ ಕಡೆ ತಿರುಗಿ. "ಅವತ್ತೇ ಬಂದು ಹೇಳಿದ್ಲು. ಅವಳದ್ದೇನೂ ತಪ್ಪಿಲ್ಲ. ನಾನೇ ಗೊತ್ತಿದ್ದೂ ಹಾಕಿದೆ. ಎಲ್ಲಿ ಸಹಿ ಮಾಡ್ಬೇಕು?"

"ಭಾವ, ಸುಳ್ಳು ಹೇಳ್ಬೇಡಿ."

ಭಾವ ಅವಳ ಕಡೆ ಬಗ್ಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಮನೆಯವರಲ್ಲಿ ಒಬ್ಬರನ್ನ ಎಲ್ಲರೆದುರು ನಿಲ್ಲಿಸಿದ್ದು ಸಾಲದಾ, ಸೂಜಿ? ಅವಳನ್ನೂ ನಿಲ್ಲಿಸ್ಬೇಕಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಬಿಡಲಿಲ್ಲ. ಒಂದು ವಾರ ಯಾರು ಏನು ಮಾಡಿದರೂ ಬಗ್ಗದೆ ಕೂತಿದ್ದ ಮನುಷ್ಯ ಪೆನ್ನು ತೆಗೆದುಕೊಂಡು, ಒತ್ತಿ ಒತ್ತಿ ತಮ್ಮ ಹೆಸರು ಬರೆದರು. ಆ ಪೆನ್ನನ್ನು ಅವರ ಕೈಗೆ ಕೊಟ್ಟವಳು ತಾನೇ ಎಂದು ಸೂಜಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಇನ್ಸ್‌ಪೆಕ್ಟರಿಗೆ ದೊಡ್ಡ ಹೊರೆ ಇಳಿದಿತ್ತು. ಶಾಯಿ ಒಣಗಲೆಂದು ಹಾಳೆಯನ್ನು ಬೀಸಿ, ಅವಳ ಮುಂದೆ ಸರಿಸಿದರು. ಸಾಕ್ಷಿಯ ಜಾಗದಲ್ಲಿ ಸಹಿ ಬೇಕು, ಆರೋಪ ಮಾಡಿದ್ದು ನೀವೇ ಆದ್ದರಿಂದ ನಿಮ್ಮದೇ ಆದರೆ ಒಳ್ಳೆಯದು ಅಂದರು.

ಹಾಕಿದರೆ ಭಾವ ಜೈಲಿಗೆ. ಹಾಕದೆ ನಿಜ ಹೇಳಿದರೆ, ನೀರಿನ ಸಂಗತಿ ಮುಚ್ಚಿಟ್ಟ ಅಕ್ಕ ಇದೇ ಕುರ್ಚಿಗೆ, ಆ ಒಳಕೋಣೆಯ ಹುಡುಗಿ ಊರ ಬಾಯಿಗೆ. ಸೂಜಿ ಪೆನ್ನು ಹಿಡಿದಳು. ಅದರ ಹಿಡಿ ಭಾವನ ಬೆವರಿಗೆ ಇನ್ನೂ ಒದ್ದೆಯಾಗಿತ್ತು.

ಹೊರಗೆ ಕಾನ್ಸ್‌ಟೇಬಲ್ಲು ಯಾರನ್ನೋ ತಡೆಯುತ್ತಿದ್ದ. ಊಟದ ಡಬ್ಬಿ ಇಲ್ಲಿ ಕೊಟ್ಟು ಹೋಗಮ್ಮ ಅನ್ನುತ್ತಿದ್ದ. ತಡೆದರೂ ಚಪ್ಪಲಿಯ ಸದ್ದು ಹತ್ತಿರ ಹತ್ತಿರ ಬಂದು ಬಾಗಿಲಲ್ಲಿ ನಿಂತಿತು.

"ಸಾರ್, ಡಬ್ಬಿ ಕೊಡೋಕೆ ಬಂದಿದ್ದಲ್ಲ," ಅಂದಿತು ಅಕ್ಕನ ದನಿ. "ನಾನೊಂದು ಮಾತು ಹೇಳೋದಿದೆ. ಮೊದಲೇ ಹೇಳಬೇಕಿತ್ತು."

ಭಾವ ಬಾಗಿಲ ಕಡೆ ನೋಡಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, ಸೂಜಿಗೆ ಮಾತ್ರ ಕೇಳುವ ಹಾಗೆ ಅಂದರು:

"ಬೇಗ ಹಾಕು."